ಅಜ್ಜನ ಗ್ರಾಮಫೋನ್ ಪ್ಲೇಟುಗಳು: ಏಸಿ ರೂಮ್ ಬೇಡ, ಮೊದಲು ಟ್ರಂಕು ತೆಗೆಯಿರಿ

ನಿಮ್ಮದು ಆಗುಂಬೆ ಹತ್ತಿರದ ಮೇಗರವಳ್ಳಿ ಕಡೆಯ ಹೆಂಚಿನ ಮನೆ. ಅಜ್ಜ ಬಿಟ್ಟುಹೋದ ಮೂರು ಸಾವಿರ ಪ್ಲೇಟು. ಎಲ್ಲವೂ ಪ್ಲಾಸ್ಟಿಕ್ ಸುತ್ತಿ ಟ್ರಂಕಿನಲ್ಲಿ. ಏಸಿ ರೂಮ್ ಕಟ್ಟಿಸಲಾ, ಇಲ್ಲಾ ಎಲ್ಲವನ್ನೂ ಡಿಜಿಟಲ್ ಮಾಡಿ ಪ್ಲೇಟು ಮಾರಿಬಿಡಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಬೇಡ. ಇವತ್ತೇ ಹೋಗಿ ಆ ಟ್ರಂಕು ತೆಗೆದು ಪ್ಲಾಸ್ಟಿಕ್ ಬಿಚ್ಚಿ. ಉಳಿದದ್ದು ಆಮೇಲೆ.

ನಮ್ಮಪ್ಪನದು ಹೊಸನಗರ ತಾಲೂಕಿನಲ್ಲಿ ಮೈಕ್ ಸೆಟ್. ಮದುವೆ, ಗೃಹಪ್ರವೇಶ, ಜಾತ್ರೆ, ನಾಟಕ, ಎಲ್ಲಕ್ಕೂ ಅವರೇ. ಅಡಿಕೆ ಮರಕ್ಕೆ ಎರಡು ಹಾರ್ನ್ ಕಟ್ಟಿ, ಬೆಳಗಿನ ಜಾವ ದೇವರನಾಮದಿಂದ ಶುರು ಮಾಡುತ್ತಿದ್ದರು. ಶಿವಮೊಗ್ಗಕ್ಕೆ ಹೋದಾಗಲೆಲ್ಲ ಗಾಂಧಿ ಬಜಾರಿನಿಂದ ಹೊಸ ಪ್ಲೇಟು ಬರುತ್ತಿತ್ತು. ಕ್ಯಾಸೆಟ್ ಬಂದ ಮೇಲೆ ಬೇರೆ ಮೈಕ್ ಸೆಟ್‌ನವರು ಪ್ಲೇಟುಗಳನ್ನು ಗುಜರಿಗೆ ಹಾಕಿದರು. ಅಪ್ಪ ಅವನ್ನೂ ಕೊಂಡು ತಂದರು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟು, ಸಿನಿಮಾ ಹಾಡಿನ 45 ಸುತ್ತಿನ ಸಣ್ಣ ಇಪಿ, 33 ಸುತ್ತಿನ ದೊಡ್ಡ ಎಲ್‌ಪಿ ಎಲ್ಲ ಸೇರಿ ಒಂದು ಕೋಣೆ ತುಂಬಿತು.

ಅವರಿಗೆ ಒಂದು ಅಭ್ಯಾಸ ಇತ್ತು. ಪ್ರತಿ ಕವರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು. ಯಾವ ಊರಿನ ಯಾವ ಮದುವೆಯಲ್ಲಿ ಹಾಕಿದ್ದು, ಯಾರು ಎರಡೆರಡು ಸಲ ಹಾಕಿಸಿದರು, ಮುಳ್ಳು ಎಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಕವರಿನ ಮೇಲೆ ಹೀಗಿತ್ತು: ‘ಎರಡನೇ ಹಾಡು ಹೆಣ್ಣು ಒಪ್ಪಿಸುವಾಗ ಬೇಡ, ಎಲ್ಲರೂ ಅಳ್ತಾರೆ.’

ಅಪ್ಪ ಇರುವವರೆಗೆ ಅವು ಜಗಲಿ ಪಕ್ಕದ ಕೋಣೆಯಲ್ಲಿ, ಬಾಗಿಲಿಲ್ಲದ ಕಪಾಟಿನಲ್ಲಿ ಸುಮ್ನೆ ನಿಂತಿದ್ದವು. ಹಾಳಾಗಿರಲಿಲ್ಲ. ಅವರು ತೀರಿಕೊಂಡ ಮೇಲೆ, ಮೇ ಕೊನೆಯಲ್ಲಿ ಹೆಂಚು ಕೈಯಾಡಿಸುವ ಕೆಲಸ ಬಂತು. ಧೂಳು ಬೀಳಬಾರದು, ಸೋರಬಾರದು ಅಂತ ನಾನು ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಗಾಳಿಯೂ ಹೋಗದ ಹಾಗೆ ಟೇಪ್ ಅಂಟಿಸಿ, ಟ್ರಂಕಿಗೆ ತುಂಬಿ ಅಟ್ಟಕ್ಕೆ ಏರಿಸಿದೆ. ಹೆಂಚಿನ ಕೆಲಸ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಹೇಗೂ ಭದ್ರವಾಗಿದೆಯಲ್ಲ, ಮಳೆಗಾಲ ಮುಗಿಯಲಿ ಅಂತ ಬಿಟ್ಟೆ.

ಇದರಲ್ಲಿ ತಪ್ಪೇನು ಅಂತ ನಿಮಗೆ ಅನ್ನಿಸಬಹುದು. ನೀವೂ ಇದನ್ನೇ ಮಾಡಿದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಪ್ಲೇಟು ನೀರು ಕುಡಿಯಲ್ಲ. ರಟ್ಟಿನ ಕವರು ಕುಡಿಯುತ್ತದೆ. ಮೇ ಕೊನೆಗೆ ನಮ್ಮ ಕಡೆ ಅಡ್ಡಮಳೆ ಬಂದು ಹೋಗಿರುತ್ತದೆ. ಮುಟ್ಟಿದರೆ ಒಣಗಿದ ಹಾಗೇ ಕಾಣುವ ರಟ್ಟಿನೊಳಗೆ ತೇವ ಸೇರಿಕೊಂಡಿರುತ್ತದೆ. ಅದನ್ನು ಹಾಗೇ ಸೀಲ್ ಮಾಡಿದರೆ ಹೊರಗಿನ ತೇವ ಒಳಗೆ ಬರಲ್ಲ, ನಿಜ. ಆದರೆ ಒಳಗಿನದು ಹೊರಗೆ ಹೋಗಲ್ಲ. ಹೆಂಚಿನ ಕೆಳಗೆ ಹಗಲು ಬಿಸಿಯಾಗುತ್ತದೆ, ತೇವ ರಟ್ಟಿನಿಂದ ಏಳುತ್ತದೆ. ರಾತ್ರಿ ತಣಿಯುತ್ತದೆ, ಅದೇ ತೇವ ಪ್ಲಾಸ್ಟಿಕ್ಕಿನ ಒಳಮೈಗೆ ಹನಿಯಾಗಿ ಕೂತು ಕವರಿನ ಬುಡಕ್ಕೆ ಇಳಿಯುತ್ತದೆ. ದಿನಾ ಇದೇ. ಗಾಳಿಯ ತೇವಾಂಶ ಶೇಕಡಾ 65–70 ದಾಟಿ ಹಾಗೇ ನಿಂತರೆ ಬೂಷ್ಟಿಗೆ ಬೇರೇನೂ ಬೇಕಿಲ್ಲ. ತಿನ್ನಲು ರಟ್ಟಿದೆ, ಗೋಂದಿದೆ, ಪ್ಲೇಟಿನ ಮೇಲೆ ಬೆರಳಿನ ಜಿಡ್ಡಿದೆ. ಹಸಿ ಅಡಿಕೆಯನ್ನು ಮೂಟೆ ಕಟ್ಟಿದರೆ ಏನಾಗುತ್ತದೆ ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ರಟ್ಟಿನ ವಿಷಯದಲ್ಲಿ ನನಗೆ ಅದು ಹೊಳೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಟೇಪ್ ಕಿತ್ತೆ. ಮೊದಲು ವಾಸನೆ ಬಂತು. ಆಮೇಲೆ ಕಂಡಿದ್ದು ಕವರಿನ ಮೇಲೆ ಕಾಸಿನಗಲದ ಬಿಳಿ, ಹಸಿರು ಬೊಟ್ಟುಗಳು. ಪಕ್ಕಪಕ್ಕದ ಕವರುಗಳು ಅಂಟಿಕೊಂಡಿದ್ದವು. ಎಳೆದರೆ ಒಂದರ ಚಿತ್ರ ಇನ್ನೊಂದಕ್ಕೆ ಮೆತ್ತಿಕೊಂಡು ಬಂತು. 78ರ ಪ್ಲೇಟುಗಳ ಎಷ್ಟೋ ಲೇಬಲ್ ಮುದುರಿ ಎದ್ದಿತ್ತು. ಪೆನ್ಸಿಲ್ ಬರಹ ಇದ್ದ ಜಾಗ ಬೆರಳಿಟ್ಟರೆ ಸಿಪ್ಪೆ ಎದ್ದು ಬರುತ್ತಿತ್ತು. ವಿನೈಲ್ ಪ್ಲೇಟುಗಳನ್ನು, ಅಂದರೆ ಪ್ಲಾಸ್ಟಿಕ್ಕಿನ ಇಪಿ, ಎಲ್‌ಪಿಗಳನ್ನು, ತೊಳೆದು ಜಾಸ್ತಿ ಪಾಲು ಉಳಿಸಿಕೊಂಡೆ. ಅಪ್ಪನ ಅಕ್ಷರ ಉಳಿಯಲಿಲ್ಲ. ಅದರದ್ದೊಂದು ಫೋಟೋ ಕೂಡ ನಾನು ತೆಗೆದಿರಲಿಲ್ಲ.

ಅದಕ್ಕೇ ಮೊದಲ ಕೆಲಸ ಮೆಷಿನ್ ಕೆಲಸ ಅಲ್ಲ. ಫೋನ್ ಹಿಡಿದು ಪ್ರತಿ ಕವರಿನ ಎರಡೂ ಬದಿ, ಲೇಬಲ್, ಲೇಬಲ್ ಸುತ್ತ ಪ್ಲೇಟಿನ ಮೇಲೇ ಒತ್ತಿರುವ ನಂಬರ್, ಇಷ್ಟರ ಫೋಟೋ ತೆಗೆಯಿರಿ. ಲೇಬಲ್ ಹೋದರೂ ಆ ನಂಬರಿನಿಂದ ಹಾಡು ಯಾವುದು ಅಂತ ಹುಡುಕಬಹುದು.

ಬೂಷ್ಟು ಕಂಡರೆ ಮೂಗಿಗೆ ಮಾಸ್ಕ್ ಕಟ್ಟಿ, ಅಂಗಳಕ್ಕೆ ತಂದು ಒಣ ಬ್ರಶ್‌ನಲ್ಲಿ ತೆಗೆಯಿರಿ. ಅಡುಗೆಮನೆ ಹತ್ತಿರ ಬೇಡ. ಬಿಸಿಲಿಗೂ ಇಡಬೇಡಿ, ವಿನೈಲ್ ಸೊಟ್ಟಗಾಗುತ್ತದೆ. ನೆರಳು ಮತ್ತು ಗಾಳಿ ಸಾಕು. ಆಮೇಲೆ ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಹಾಕಿ, ಗೆರೆ ಹೋದ ದಿಕ್ಕಿನಲ್ಲೇ ಮೆತ್ತಗೆ ಒರೆಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಲೇಬಲ್ ನೆನೆಯಬಾರದು.

ಸ್ಪಿರಿಟ್ ಹಾಕಿ ಒರೆಸು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನನಗೂ ಹೇಳಿದರು. ಒಡೆದ 78ರ ಒಂದು ಚೂರಿನ ಮೇಲೆ ಹತ್ತಿಯಲ್ಲಿ ಅದ್ದಿ ಉಜ್ಜಿ ನೋಡಿದೆ. ಹತ್ತಿ ಕಪ್ಪಾಯಿತು, ಚೂರಿನ ಹೊಳಪು ಹೋಗಿ ಬೆರಳಿಗೆ ಅಂಟು ಹತ್ತಿತು. ಕೊಳೆ ಅಲ್ಲ ಅದು, ಪ್ಲೇಟೇ ಕರಗಿದ್ದು. ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಮಾಡುತ್ತಾರಲ್ಲ, ಅದೇ ಅರಗಿಗೆ ಕಲ್ಲಿನ ಪುಡಿ, ಮಸಿ ಸೇರಿಸಿ ಒತ್ತಿದ್ದು ಈ ಪ್ಲೇಟು. ಇಸವಿ ನೋಡಿ ತೀರ್ಮಾನ ಮಾಡಬೇಡಿ. ಬೇರೆ ದೇಶಗಳಲ್ಲಿ 78 ನಿಂತುಹೋದ ಮೇಲೂ ನಮ್ಮ ದೇಶದಲ್ಲಿ ಅದು ಅಚ್ಚಾಗುತ್ತಲೇ ಇತ್ತು. 1960ರ ದಶಕದ ಸಿನಿಮಾ ಹಾಡು ಕೂಡ ಅರಗಿನದ್ದೇ ಇರಬಹುದು. ಕೈಗೆ ಭಾರ ಇದ್ದು, ಬಾಗದೆ, ಲೇಬಲ್ ಮೇಲೆ 78 ಅಂತಿದ್ದರೆ ಸ್ಪಿರಿಟ್ ಹತ್ತಿರವೂ ತರಬೇಡಿ.

ಇನ್ನು ಏಸಿ. ಲೈನ್ ಮೇಲೆ ಮರ ಬಿದ್ದರೆ ನಿಮ್ಮಲ್ಲಿ ಕರೆಂಟ್ ಯಾವಾಗ ಬರುತ್ತದೆ ಅಂತ ನಿಮಗೇ ಗೊತ್ತು. ತಣ್ಣಗಾದ ಪ್ಲೇಟಿಗೆ ಹೊರಗಿನ ಒದ್ದೆ ಗಾಳಿ ತಾಗಿದರೆ ಅದರ ಮೇಲೇ ನೀರು ಕೂರುತ್ತದೆ. ದೊಡ್ಡ ಸಂಗ್ರಹಾಲಯಗಳು 20 ಡಿಗ್ರಿ ಆಸುಪಾಸು ಶಾಖ, ಶೇಕಡಾ 40–50 ತೇವಾಂಶ ಇಟ್ಟುಕೊಳ್ಳುತ್ತವೆ. ನಮಗೆ ಶಾಖದ ಚಿಂತೆ ಅಷ್ಟಿಲ್ಲ, ಆಗುಂಬೆ ಪಕ್ಕದಲ್ಲಿದ್ದೀರಿ. ತೇವ ಇಳಿಸಿದರೆ ಸಾಕು. ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್. ಶೇಕಡಾ 60 ದಾಟದ ಹಾಗೆ ನೋಡಿಕೊಳ್ಳಿ. ಮನೆಯ ನಡುವಿನ ಕೋಣೆ ಆರಿಸಿ, ಬಚ್ಚಲ ಕಡೆಯದ್ದು ಬೇಡ.

ಪ್ಲೇಟನ್ನು ನಿಲ್ಲಿಸಿ ಇಡಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ 78 ಸೀಳುತ್ತದೆ. ಒಂದು ಮೀಟರ್ ಉದ್ದದ ಸಾಲೇ ಸುಮಾರು 50 ಕಿಲೋ ತೂಗುತ್ತದೆ, ಹಾಗಾಗಿ ಅಟ್ಟ ಬೇಡವೇ ಬೇಡ. ಕಬ್ಬಿಣದ ರ್‍ಯಾಕು ಹಾಕಿ, ಗೋಡೆಯಿಂದ ಒಂದು ಗೇಣು ಈಚೆಗಿರಲಿ, ಗೆದ್ದಲು ಕಾಣುವ ಹಾಗೆ ನೆಲದಿಂದ ಎತ್ತರಕ್ಕಿರಲಿ. ಮೆತ್ತನೆಯ ಪಿವಿಸಿ ಕವರು ಬಿಸಾಕಿ. ಅದರಲ್ಲಿರುವ ಎಣ್ಣೆಯಂಥ ಅಂಶ ವಿನೈಲ್ ಮೇಲೆ ಮಂಜು ಕಟ್ಟಿಸುತ್ತದೆ, ತೊಳೆದರೂ ಹೋಗಲ್ಲ. ಪಾಲಿಥೀನ್ ಆಗಬಹುದು, ಆದರೆ ಬಾಯಿ ತೆರೆದಿರಲಿ. ಕವರುಗಳನ್ನು ಗಾಳಿಗೆ ಹಾಕಲು ಶಿವರಾತ್ರಿಯಿಂದ ಯುಗಾದಿವರೆಗೆ ಒಳ್ಳೆಯ ಕಾಲ.

ಮಳೆ ನಾಡಲ್ಲಿ ಪ್ಲೇಟು ಉಳಿಯಲ್ಲ ಅನ್ನುವವರ ಮಾತು ಕೇಳಬೇಡಿ. ಕೇರಳದ ಕೋಟ್ಟಯಂ ಜಿಲ್ಲೆಯ ಪ್ಲಾಶನಾಲ್‌ನಲ್ಲಿ ಒಬ್ಬರ ಖಾಸಗಿ ಸಂಗ್ರಹವೇ ‘ಡಿಸ್ಕ್ಸ್ ಅಂಡ್ ಮಷೀನ್ಸ್’ ಅನ್ನುವ ಗ್ರಾಮಫೋನ್ ಮ್ಯೂಸಿಯಂ ಆಗಿದೆ. ಅದೂ ಮಳೆಯ ಊರೇ ಅಲ್ವಾ?

ಡಿಜಿಟಲ್ ಮಾಡಿ, ಆದರೆ ಎಲ್ಲವನ್ನೂ ಅಲ್ಲ. ಸಾವಿರ ಎಲ್‌ಪಿ ಇದ್ದರೆ, ಒಂದಕ್ಕೆ 40 ನಿಮಿಷದ ಲೆಕ್ಕದಲ್ಲಿ ನುಡಿಸುವುದಕ್ಕೇ 650 ಗಂಟೆ ಮೀರುತ್ತದೆ. ದೊಡ್ಡ ಕಂಪನಿಗಳ ಸಿನಿಮಾ ಹಾಡು ಬಹುಪಾಲು ಈಗಾಗಲೇ ಎಲ್ಲೋ ಸಿಗುತ್ತದೆ. ಜಾಗ ಸಾಲದಿದ್ದರೆ ಅವನ್ನು ಕೊಟ್ಟರೂ ಸಂಕಟ ಪಡಬೇಕಿಲ್ಲ. ನಾಟಕದ ಹಾಡು, ಹರಿಕಥೆ, ಹಾಸ್ಯದ ಮಾತಿನ ಪ್ಲೇಟು, ಹೆಸರೇ ಕೇಳದ ಸಣ್ಣ ಕಂಪನಿಯವು, ಇವನ್ನು ಮೊದಲು ಹಿಡಿಯಿರಿ. 78ಕ್ಕೆ ಅಗಲದ ಮುಳ್ಳೇ ಬೇಕು, ಎಲ್‌ಪಿ ಮುಳ್ಳು ಆ ಗೆರೆಯ ತಳಕ್ಕೆ ಬಿದ್ದು ಬರೀ ಗರಗರ ಕೇಳಿಸುತ್ತದೆ. 96 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ (ದನಿಯನ್ನು ಕುಗ್ಗಿಸದ ಫೈಲ್) ಮಾಡಿ, ಎರಡು ಕಡೆ ಇಡಿ. ಇಂಥವನ್ನು ಎಂಪಿ3 ಮಾಡಿ ಮೂಲ ಪ್ಲೇಟು ಮಾರಬೇಡಿ. ನಾಳೆ ಒಳ್ಳೆ ಮುಳ್ಳು, ಒಳ್ಳೆ ಮೆಷಿನ್ ಸಿಕ್ಕಾಗ ಮತ್ತೆ ನುಡಿಸಬೇಕಾಗಿರುವುದು ಆ ಪ್ಲೇಟನ್ನೇ.

ಟ್ರಂಕು ತೆಗೆದು ನೋಡಿ, ಬೂಷ್ಟು ಎಷ್ಟಿದೆ, ಯಾವ ಬಣ್ಣ ಅಂತ ಬರೆಯಿರಿ. ಕವರು ಕವರಿಗೆ ಅಂಟಿದ್ದರೆ ಎಳೆಯಬೇಡಿ, ಹಾಗೇ ನೆರಳಲ್ಲಿ ಒಣಗಲು ಬಿಟ್ಟು ಮೊದಲು ನನ್ನನ್ನು ಕೇಳಿ.