ಓದುಗರ ಪ್ರಶ್ನೆ: ಪ್ರಾರ್ಥನೆ ಅಂದರೆ ಮಕ್ಕಳೇಕೆ ಮುಖ ಸಿಂಡರಿಸುತ್ತಾರೆ?

ಪ್ರಶ್ನೆ: ರಾತ್ರಿ ಊಟವಾದ ಮೇಲೆ ಕುಟುಂಬ ಪ್ರಾರ್ಥನೆಗೆ ಕೂರುತ್ತೇವೆ. ಏಳು ವರ್ಷದ ಮಗಳು ತೂಕಡಿಸುತ್ತಾಳೆ, ಹದಿಮೂರರ ಮಗ ಮುಖ ಸಿಂಡರಿಸುತ್ತಾನೆ. ಯಜಮಾನರ ಬೋಧನೆ ಅರ್ಧ ಗಂಟೆಗೆ ಕಡಿಮೆ ಇಲ್ಲ. ಇದರಲ್ಲಿ ಸಂತೋಷ ತರುವುದು ಹೇಗೆ?
— ಒಬ್ಬ ತಾಯಿ, ಹಾಸನ

ಉತ್ತರ: ಮೊದಲು ಹೊತ್ತು ಬದಲಿಸಿ. ಊಟವಾದ ಮೇಲೆ ಕೂತರೆ ದೊಡ್ಡವರಿಗೂ ಕಣ್ಣು ಎಳೆಯುತ್ತದೆ. ಅಡುಗೆ ಇಳಿಸಿದ ಮೇಲೆ, ಬಡಿಸುವ ಮುಂಚೆ ಕೂತುಕೊಳ್ಳಿ. ಹನ್ನೆರಡು ನಿಮಿಷ ಸಾಕು: ಗೀತೆಯ ಎರಡು ಚರಣ, ಸತ್ಯವೇದ (ಬೈಬಲ್) ವಾಚನ, ಆ ದಿನ ದೇವರಿಗೆ ಸ್ತೋತ್ರ ಹೇಳಬೇಕಾದ ಒಂದು ಸಂಗತಿ ಒಬ್ಬೊಬ್ಬರಿಂದ, ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆ. ಗೀತೆಯನ್ನು ಮಗಳು ಆರಿಸಲಿ, ವಾಚನವನ್ನು ಮಗ ಓದಲಿ. ಮಗಳು ವಾರವಿಡೀ ಒಂದೇ ಗೀತೆ ಕೇಳಿದರೂ ಹಾಡಿ. ಹಾಗೆ ಹಾಡಿಹಾಡಿಯೇ ಅದು ಬಾಯಿಪಾಠವಾಗುವುದು.

ವಾಚನಕ್ಕೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ತೆಗೆದುಕೊಳ್ಳಿ; ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರ ಅದು. 4 ಅಧ್ಯಾಯ, 104 ವಚನ. ದಿನಕ್ಕೆ 8ರಂತೆ 13 ಸಂಜೆಗೆ ಮುಗಿಯುತ್ತದೆ. ಮಾತು ನಡುವೆ ತುಂಡಾಗುವ ಕಡೆ ಒಂದೆರಡು ವಚನ ಹೆಚ್ಚು ಓದಿ. ಇದನ್ನು ಬರೆಯುವಾಗ ಪೌಲನು ಸೆರೆಯಲ್ಲಿದ್ದ. ‘ಸಂತೋಷಪಡಿರಿ’ ಎನ್ನುವ 4:4ಕ್ಕೆ ಎರಡೇ ವಚನ ಹಿಂದೆ, ಅದೇ ಸಭೆಯ ಇಬ್ಬರು ಸ್ತ್ರೀಯರು ಒಮ್ಮನಸ್ಸಾಗಿರಬೇಕೆಂದು ಹೆಸರು ಹಿಡಿದು ಬೇಡಿಕೊಂಡಿದ್ದಾನೆ. ಹದಿಮೂರರ ಹುಡುಗನಿಗೆ ಇದು ಹಿಡಿಸುತ್ತದೆ. ಜಗಳವೇ ಇಲ್ಲದವರಿಗೆ ಬರೆದ ಪತ್ರವಲ್ಲ ಇದು.

ಇನ್ನು ಯಜಮಾನರ ವಿಷಯ. ಬೋಧನೆ ಬಿಟ್ಟು ಒಂದೇ ಪ್ರಶ್ನೆ ಕೇಳಲಿ: ‘ಇದರಲ್ಲಿ ನಿನಗೆ ಅರ್ಥವಾಗದ್ದು ಯಾವುದು?’ ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಪ್ರಾರ್ಥನೆಯೊಳಗಿನ ಬೈಗುಳ. ‘ಕರ್ತನೇ, ಮೊಬೈಲ್ ಬಿಡದ ಈ ಹುಡುಗನಿಗೆ ಬುದ್ಧಿ ಕೊಡು’ ಎಂದು ಅವನ ಎದುರೇ ಅಂದರೆ, ಅದು ದೇವರಿಗೆ ಹೇಳಿದ್ದಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಮೊಬೈಲ್ ಮಾತು ಬೇರೆ ಹೊತ್ತಿಗಿರಲಿ. ‘ಇವತ್ತು ಸ್ತೋತ್ರ ಹೇಳುವಂಥದ್ದು ಏನೂ ಇಲ್ಲ’ ಎಂದು ಅವನು ಅಂದರೂ ಒತ್ತಾಯಿಸಬೇಡಿ.

ಪ್ರಶ್ನೆ: ಜುಲೈನಲ್ಲಿ ಅತ್ತೆ ತೀರಿಕೊಂಡರು. ಕ್ರಿಸ್ಮಸ್‌ಗೆ ನಕ್ಷತ್ರ ಕಟ್ಟಲೂ ಮನಸ್ಸಿಲ್ಲ. ‘ವಿಶ್ವಾಸಿಗಳು ಅಳಬಾರದು’ ಅನ್ನುತ್ತಾರೆ ಸಂಬಂಧಿಕರು.
— ಓದುಗರು, ಮೈಸೂರು

ಉತ್ತರ: ಆ ಮಾತಿಗೆ ಸತ್ಯವೇದದಲ್ಲಿ ಆಧಾರವಿಲ್ಲ. ಸತ್ತುಹೋಗಿದ್ದ ಲಾಜರನನ್ನು ಬದುಕಿಸಿ ಎಬ್ಬಿಸಲಿದ್ದ ಯೇಸುವೇ ಅತ್ತನು (ಯೋಹಾನ 11:35). 13ನೆಯ ಕೀರ್ತನೆಯಲ್ಲಿ ಇರುವುದೇ 6 ವಚನ. ಮೊದಲೆರಡರಲ್ಲಿ ‘ಇನ್ನೆಷ್ಟು ಕಾಲ’ ಎಂದು ನಾಲ್ಕು ಸಲ ಕೇಳಿ, ಕೊನೆಯೆರಡರಲ್ಲಿ ಭರವಸೆಗೆ ಬರುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ಮಕ್ಕಳ ಎದುರು ಅಳಬಹುದು. ‘ಅಜ್ಜಿ ನೆನಪಾದರು, ಅದಕ್ಕೆ ಅಳು ಬಂತು’ ಎಂದು ಕಾರಣ ಮಾತ್ರ ಹೇಳಿ. ಹೇಳದಿದ್ದರೆ ತಮ್ಮದೇ ತಪ್ಪೆಂದು ಚಿಕ್ಕವರು ತಿಳಿಯುತ್ತಾರೆ.

ಹಬ್ಬವನ್ನು ಪೂರ್ತಿ ಬಿಡಬೇಡಿ, ಚಿಕ್ಕದು ಮಾಡಿ. ನಕ್ಷತ್ರ ಮಕ್ಕಳು ಕಟ್ಟಲಿ. ಐದಾರು ಬಗೆಯ ತಿಂಡಿಯ ಬದಲು ಅತ್ತೆಯವರ ಕೈರುಚಿಯದ್ದು ಒಂದೇ ಮಾಡಿ, ಅರ್ಧವನ್ನು ಮೊದಲೇ ತೆಗೆದಿಟ್ಟು ಹಬ್ಬಕ್ಕೆ ಏನೂ ಮಾಡಲಾಗದ ಮನೆಗೆ ಕಳಿಸಿ. ನೆಹೆಮೀಯ 8:10ರಲ್ಲಿ ಅಳುತ್ತಿದ್ದ ಜನರಿಗೆ ಹೇಳಿದ್ದು ಇದನ್ನೇ: ಉಣ್ಣಿರಿ, ಏನೂ ಸಿದ್ಧಮಾಡಿಕೊಳ್ಳದವರಿಗೂ ಪಾಲು ಕಳಿಸಿರಿ. ‘ಕರ್ತನ ಆನಂದವೇ ಬಲ’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಕ್ಯಾಲೆಂಡರ್‌ಗಳಲ್ಲಿ ಅದೊಂದೇ ಅಚ್ಚಾಗುವುದರಿಂದ ಪಾಲಿನ ಮಾತು ಮರೆತುಹೋಗಿದೆ. ಕ್ಯಾರಲ್ ತಂಡ ಬರುವುದು ಬೇಕೋ ಬೇಡವೋ ಎಂಬುದನ್ನು ಸಭಾಪಾಲಕರಿಗೆ ಮುಂಚಿತವಾಗಿ ತಿಳಿಸಿ.

ನಿದ್ದೆ, ಹಸಿವು ಎರಡು ವಾರ ದಾಟಿಯೂ ಮರಳದಿದ್ದರೆ, ಬದುಕೇ ಬೇಡವೆನಿಸಿದರೆ ಅಂದೇ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪ್ರಶ್ನೆ: ಭಾನುವಾರ ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ ಮನೆಯಲ್ಲಿ ಕೂಗಾಡಿದೆ. ‘ನೀವು ಚರ್ಚ್‌ನಲ್ಲಿ ಮಾತ್ರ ನಗ್ತೀರಿ’ ಎಂದಳು ಮಗಳು. ಏನು ಹೇಳಲಿ?
— ಓದುಗರು, ಧಾರವಾಡ

ಉತ್ತರ: ‘ಹೌದು ಮಗಳೇ’ ಎನ್ನಿ. ಕೂಗಾಡಿದ್ದಕ್ಕೆ ಕ್ಷಮೆ ಕೇಳಿ, ‘ಆದರೆ ನೀನೂ…’ ಎಂದು ಬಾಲ ಸೇರಿಸಬೇಡಿ. ತಂದೆಗಳು ಮಕ್ಕಳನ್ನು ಕೆಣಕಿದರೆ ಅವರ ಮನ ಕುಗ್ಗುತ್ತದೆಂದು ಕೊಲೊಸ್ಸೆ 3:21 ಎಚ್ಚರಿಸುತ್ತದೆ. ಭಾನುವಾರ ಬೆಳಗಿನ ಕೂಗಾಟಕ್ಕೆ ಮದ್ದು ಶನಿವಾರ ರಾತ್ರಿಯಲ್ಲಿದೆ: ಇಸ್ತ್ರಿ, ಶೂ, ಕಾಣಿಕೆ ಕವರ್, ಇಡ್ಲಿ ಹಿಟ್ಟು, ಸ್ಕೂಟರ್‌ಗೆ ಪೆಟ್ರೋಲ್.