ಮದ್ದು ಎಲ್ಲಿ ಬೀಳುತ್ತದೆ?

‘ಕಳೆದ ಸಂಚಿಕೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನ್ಯಾನೋ ಕಣಗಳನ್ನು ಬಳಸುವ ಬಗ್ಗೆ ಲೇಖನ ಓದಿದೆ. ನನ್ನ ತಂಗಿಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದೆ. ಡಾಕ್ಸೊರುಬಿಸಿನ್ ಎಂಬ ಹಳೆಯ ಮದ್ದನ್ನೇ ಲೈಪೋಸೋಮ್ ರೂಪದಲ್ಲಿ ಕೊಡುತ್ತೇವೆ ಎನ್ನುತ್ತಾರೆ ಡಾಕ್ಟರು. ಬೆಲೆ ಮಾತ್ರ ಹಲವು ಪಟ್ಟು. ಹಳೆಯ ಮದ್ದಿಗೆ ಹೊಸ ಅಂಗಿ ತೊಡಿಸಿ ದುಡ್ಡು ಕೀಳುವ ಉಪಾಯವಲ್ಲವೇ ಇದು? ಇಂಥದ್ದನ್ನು ಹೊಗಳುವ ಬದಲು ನಮ್ಮ ಜಿಲ್ಲೆಗೊಂದು ಕ್ಯಾನ್ಸರ್ ಆಸ್ಪತ್ರೆ ಬೇಕೆಂದು ಬರೆಯಬಾರದೇ?’
– ನಿವೃತ್ತ ಅಧ್ಯಾಪಕರೊಬ್ಬರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಮಾಸ್ತರರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಆಸ್ಪತ್ರೆ ಬೇಕೆಂದು ಬರೆದಿದ್ದೇವೆ, ಬರೆಯುತ್ತಲೇ ಇದ್ದೇವೆ. ಬೆಲೆಯ ಬಗ್ಗೆ ನಿಮಗೆ ಬಂದ ಸಿಟ್ಟೂ ನ್ಯಾಯವೇ. ಅಮೆರಿಕದಲ್ಲಿ ಈ ಮದ್ದಿಗೆ ಬರ ಬಂದಾಗ, 2012ರಲ್ಲಿ, ಅವರು ತರಿಸಿಕೊಂಡದ್ದು ಭಾರತದ ಸನ್ ಫಾರ್ಮಾ ಕಂಪನಿಯ ಮದ್ದನ್ನು. ನಮ್ಮಲ್ಲೇ ತಯಾರಾಗುವ ವಸ್ತು ನಮ್ಮವರ ಕೈಗೆ ಎಟುಕುವುದಿಲ್ಲ ಎಂದರೆ ಯಾರಿಗಾದರೂ ಉರಿಯುತ್ತದೆ. ಇಷ್ಟನ್ನು ಒಪ್ಪಿಕೊಂಡೆ.

ಆದರೆ ‘ಹೊಸ ಅಂಗಿ’ ಎಂದಿರಲ್ಲ, ಅಲ್ಲಿ ನನ್ನ ತಕರಾರಿದೆ. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಸುಮ್ಮನಿರುತ್ತಿದ್ದೆ. ನೀವು ಅಡಿಕೆ ತೋಟ ಇರುವವರು. (ಕಾಗದದ ಹಿಂಬದಿಯಲ್ಲಿ ಕೊಯ್ಲಿನ ಲೆಕ್ಕವಿತ್ತು. ಕ್ಷಮಿಸಿ, ಓದಿಬಿಟ್ಟೆ.)

ಮಳೆ ಹಿಡಿಯುವ ಮೊದಲು ನೀವು ತೋಟಕ್ಕೆ ಮದ್ದು ಬಿಡಿಸುವುದಿಲ್ಲವೇ? ಮೈಲುತುತ್ತು, ಸುಣ್ಣ, ನೀರು, ಅಷ್ಟೇ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ದ್ರಾವಣ ಅದು. ಕೆನಡಾದಿಂದ ಮೈಸೂರಿಗೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದರು. ಅವರ ವರದಿ ಬಂದದ್ದು 1910ರಲ್ಲಿ. ಮದ್ದು ಇಂದಿಗೂ ಅದೇ. ನಮ್ಮ ಖರ್ಚೆಲ್ಲ ಅದನ್ನು ಮರದ ತುದಿಯ ಗೊನೆಗೆ ಮುಟ್ಟಿಸುವುದಕ್ಕೆ ಮತ್ತು ಮಳೆಗೆ ತೊಳೆದುಹೋಗದಂತೆ ರಾಳ ಬೆರೆಸಿ ಅಲ್ಲೇ ಅಂಟಿಸುವುದಕ್ಕೆ. ಕೊಯ್ಲಿನ ಕೂಲಿಗೆ ಚೌಕಾಸಿ ಮಾಡುತ್ತಿದ್ದ ನನ್ನ ತಂದೆಯವರು ಮದ್ದು ಬಿಡುವವನ ಕೂಲಿಗೆ ಎಂದೂ ಚೌಕಾಸಿ ಮಾಡಲಿಲ್ಲ. ತುತ್ತು ಅಂಗಡಿಯಲ್ಲಿ ಸಿಗುತ್ತದೆ, ಗೊನೆಯ ಸಂದಿಗೆ ಹೊಡೆಯುವ ಕೈ ಸಿಗುವುದಿಲ್ಲ ಎನ್ನುತ್ತಿದ್ದರು.

ರಕ್ತನಾಳಕ್ಕೆ ಬಿಟ್ಟ ಡಾಕ್ಸೊರುಬಿಸಿನ್‌ನಂಥ ಕಿಮೋ ಮದ್ದು ಮೈಯೆಲ್ಲ ಸುತ್ತುತ್ತದೆ. ಬೇಗ ಬೇಗ ಒಡೆದು ಬೆಳೆಯುವ ಕೋಶ ಕಂಡಲ್ಲೆಲ್ಲ, ಅಂದರೆ ಕೂದಲ ಬುಡದಲ್ಲಿ, ಬಾಯಿಯ ಒಳಪದರದಲ್ಲಿ, ಎಲುಬಿನ ಮಜ್ಜೆಯಲ್ಲಿ ಕೈಯಾಡಿಸುತ್ತದೆ. ಡಾಕ್ಸೊರುಬಿಸಿನ್‌ಗೆ ಮತ್ತೊಂದು ಕೆಟ್ಟ ಚಾಳಿ: ಅದು ಹೃದಯದ ಸ್ನಾಯುವನ್ನು ಹಾಳುಗೆಡವುತ್ತದೆ. ಹಾಗಾಗಿ ಒಬ್ಬರಿಗೆ ಜೀವಮಾನದಲ್ಲಿ ಇಷ್ಟೇ ಕೊಡಬಹುದು ಎಂಬ ಮಿತಿಯಿದೆ. ಮದ್ದು ಬೀಳಬಾರದ ಕಡೆ ಬಿದ್ದರೆ ಏನಾಗುತ್ತದೆ ಎಂದು ಕಾಸರಗೋಡಿನವರಿಗೆ ನಾನು ಹೇಳಿಕೊಡಬೇಕೇ? ಸರಕಾರಿ ಗೇರು ತೋಟದ ಟೀ ಸೊಳ್ಳೆ ಎಂಬ ಕೀಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಪಡ್ರೆ ಗ್ರಾಮದ ತೋಡಿಗೆ, ಬಾವಿಗೆ, ಕುಡಿಯುವ ನೀರಿನ ಸುರಂಗಕ್ಕೆ ಇಳಿಯಿತು. ಕೀಟನಾಶಕವನ್ನೂ ಕಿಮೋವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಕಿಮೋ ಜೀವ ಉಳಿಸಲು ಕೊಡುವಂಥದ್ದು. ನಾನು ಹೇಳುತ್ತಿರುವುದು ಸುರಿಯುವ ರೀತಿಯ ಬಗ್ಗೆ ಮಾತ್ರ.

ಈಗ ನಿಮ್ಮ ಅಂಗಿಗೆ ಬರೋಣ. ಕೆಲವು ಬಗೆಯ ಕೊಬ್ಬು ನೀರಿನಲ್ಲಿ ತಾನಾಗಿಯೇ ಪುಟ್ಟ ಗುಳ್ಳೆಯಾಗಿ ಮುಚ್ಚಿಕೊಳ್ಳುತ್ತದೆ ಎಂದು ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ 1960ರ ದಶಕದಲ್ಲಿ ತೋರಿಸಿದರು. ಅದೇ ಲೈಪೋಸೋಮ್. ಅದರೊಳಗೆ ಡಾಕ್ಸೊರುಬಿಸಿನ್ ತುಂಬಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿತು. ಇದೂ ಒಂದು ನ್ಯಾನೋ ಕಣವೇ: ಗುಳ್ಳೆಯ ಅಡ್ಡಗಲ ಸುಮಾರು 100 ನ್ಯಾನೋಮೀಟರ್, ಅಂದರೆ ಒಂದು ತಲೆಗೂದಲ ಅಗಲದಲ್ಲಿ ಸಾವಿರದಷ್ಟು ಸಾಲಾಗಿ ಕೂರುತ್ತವೆ. ದೇಹದ ಕಾವಲು ಕೋಶಗಳು ಕಂಡ ಕೂಡಲೇ ನುಂಗದಿರಲಿ ಎಂದು ಹೊರಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ವಸ್ತುವಿನ ಲೇಪ. ಆರೋಗ್ಯವಂತ ಹೃದಯದ ರಕ್ತನಾಳಗಳ ಗೋಡೆ ಬಿಗಿ, ಗುಳ್ಳೆ ಅಲ್ಲಿ ತೂರುವುದು ಕಷ್ಟ. ಅವಸರದಲ್ಲಿ ಬೆಳೆದ ಗೆಡ್ಡೆಯ ರಕ್ತನಾಳಗಳೋ ಹಳೆಯ ಸ್ಪ್ರಿಂಕ್ಲರ್ ಪೈಪಿನಂತೆ ಸೋರುತ್ತವೆ. ಗುಳ್ಳೆ ಅಲ್ಲಿ ಹೊರಬಿದ್ದು ಉಳಿದುಕೊಳ್ಳುತ್ತದೆ. ಜಪಾನಿನ ಮತ್ಸುಮುರ ಮತ್ತು ಮಯೆದ ಈ ಸೋರುವಿಕೆಯನ್ನು 1986ರಲ್ಲಿ ಗುರುತಿಸಿದರು. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಎರಡೂ ರೂಪಗಳನ್ನು ಹೋಲಿಸಿದಾಗ ರೋಗದ ಮೇಲಿನ ಹಿಡಿತ ಹೆಚ್ಚುಕಡಿಮೆ ಒಂದೇ ಇತ್ತು, ಹೃದಯಕ್ಕೆ ಆದ ಹಾನಿ ಮಾತ್ರ ಬಹಳ ಕಡಿಮೆ. ಆಯುಷ್ಯ ಹೆಚ್ಚದಿದ್ದರೆ ಲಾಭವೇನು ಎಂದು ಕೇಳುವವರಿದ್ದಾರೆ. ಇರುವಷ್ಟು ದಿನ ಏದುಸಿರಿಲ್ಲದೆ ಮೆಟ್ಟಿಲು ಹತ್ತುವುದು ಲಾಭವಲ್ಲವೇ?

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಮದ್ದಿನ ಕತೆ ಇನ್ನೂ ಸ್ವಾರಸ್ಯದ್ದು. ಅದು ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕವನ್ನು ಬಳಸಿದರು. ಎಷ್ಟೋ ಜನರಿಗೆ ಮೈ ಕೆರಳುತ್ತಿದ್ದುದು ಆ ದ್ರಾವಕದಿಂದ. ಮೊದಲೇ ಸ್ಟೀರಾಯ್ಡ್ ಕೊಟ್ಟು, 3 ಗಂಟೆ ಕಾಲ ಹನಿ ಹನಿಯಾಗಿ ಏರಿಸಬೇಕಾಗಿತ್ತು. ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಎಂಬ ಪ್ರೋಟೀನಿನಲ್ಲಿ ಅದೇ ಮದ್ದನ್ನು ಸುತ್ತಿ, ಸುಮಾರು 130 ನ್ಯಾನೋಮೀಟರಿನ ಕಣ ಮಾಡಿದರು. ಹರಳೆಣ್ಣೆಯ ಕಾಟ ತಪ್ಪಿತು, 30 ನಿಮಿಷದಲ್ಲಿ ಕೆಲಸ ಮುಗಿಯಿತು. ಅಬ್ರಾಕ್ಸೇನ್ ಎಂಬ ಹೆಸರಿನಲ್ಲಿ ಅದಕ್ಕೆ 2005ರಲ್ಲಿ ಒಪ್ಪಿಗೆ ಬಂತು. ಹರಡಿದ ಸ್ತನ ಕ್ಯಾನ್ಸರಿನ ಪರೀಕ್ಷೆಯಲ್ಲಿ ಹಳೆಯ ರೂಪ 100ರಲ್ಲಿ 19 ಮಂದಿಯ ಗೆಡ್ಡೆ ಕುಗ್ಗಿಸಿದರೆ, ಇದು 33 ಮಂದಿಯದನ್ನು ಕುಗ್ಗಿಸಿತು. ಅಂಗಿ ಬದಲಿಸಿದ್ದರಿಂದ ಮದ್ದನ್ನು ಹೆಚ್ಚು ಪ್ರಮಾಣದಲ್ಲಿ ಕೊಡಲು ಸಾಧ್ಯವಾದದ್ದೂ ಇದಕ್ಕೆ ಕಾರಣ, ಮಾಸ್ತರರೇ!

ನಮ್ಮದೂ ಒಂದು ತಪ್ಪಿದೆ. ಲೇಖನದಲ್ಲಿ ನ್ಯಾನೋ ಕಣವನ್ನು ‘ಗುರಿ ತಪ್ಪದ ಬಾಣ’ ಎಂದು ಬರೆದದ್ದನ್ನು ತಿದ್ದದೆ ಬಿಟ್ಟವನು ನಾನು. ಟೊರಾಂಟೋದ ಸಂಶೋಧಕರು ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು 2016ರಲ್ಲಿ ಲೆಕ್ಕ ಹಾಕಿದಾಗ, ಪ್ರಯೋಗದ ಪ್ರಾಣಿಗಳಿಗೆ ಚುಚ್ಚಿದ ಕಣಗಳಲ್ಲಿ ಗೆಡ್ಡೆಗೆ ತಲುಪಿದ್ದು ಸಾಮಾನ್ಯವಾಗಿ ಶೇಕಡಾ 0.7ರಷ್ಟು ಮಾತ್ರ. ಬಹುಪಾಲನ್ನು ಪಿತ್ತಜನಕಾಂಗ, ಗುಲ್ಮಗಳು ಹಿಡಿದುಕೊಳ್ಳುತ್ತವೆ. ಮನುಷ್ಯರ ಗೆಡ್ಡೆಗಳು ಇಲಿಗಳದ್ದರಷ್ಟು ಧಾರಾಳವಾಗಿ ಸೋರುವುದೂ ಇಲ್ಲ. ನಾವು ಬಿಟ್ಟ ಮದ್ದಿನಲ್ಲಿ ಬುಡದ ಮಣ್ಣಿಗೆ ಬೀಳುವುದೆಷ್ಟು ಎಂದು ಬಲ್ಲ ನಿಮಗೆ ಇದು ದೊಡ್ಡ ಆಶ್ಚರ್ಯವಾಗಲಾರದು.

ಅಂಗಿಯಿಂದ ಬರುವ ತೊಂದರೆಯೂ ಬೇರೆಯೇ. ಹೃದಯದ ತಂಟೆಗೆ ಅಷ್ಟಾಗಿ ಹೋಗದ ಡಾಕ್ಸಿಲ್ ಅಂಗೈ, ಅಂಗಾಲುಗಳಿಗೆ ಬರುತ್ತದೆ. ಚರ್ಮ ಕೆಂಪಾಗಿ, ಉರಿದು, ಸುಲಿಯುತ್ತದೆ. ನಮ್ಮ ನೆರೆಮನೆಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರಿದ್ದರು. ನಿಮ್ಮ ತಂಗಿಯವರದೇ ಕಾಯಿಲೆ, ಅದೇ ಮದ್ದು. ಆಸ್ಪತ್ರೆಯಲ್ಲಿ ಕೊಟ್ಟ ಎರಡು ಹಾಳೆಗಳಲ್ಲಿ ಎಲ್ಲವೂ ಇತ್ತು: ಬಿಸಿ ನೀರು ಬೇಡ, ಕೈ ಉಜ್ಜಬೇಡಿ, ಸುಲಿಯತೊಡಗಿದರೆ ಕೂಡಲೇ ತಿಳಿಸಿ. ಒಂದು ಹಾಳೆ ಇಂಗ್ಲಿಷಿನಲ್ಲಿ, ಇನ್ನೊಂದು ಮಲಯಾಳದಲ್ಲಿ. ಅವರು ಮನೆಯಲ್ಲಿ ತುಳು ಆಡಿ, ಐದನೆಯ ತರಗತಿವರೆಗೆ ಕನ್ನಡ ಓದಿದವರು. ಹಾಳೆಗಳನ್ನು ಜೋಪಾನವಾಗಿ ದೇವರ ಪಟದ ಹಿಂದೆ ಸಿಕ್ಕಿಸಿಟ್ಟು, ಎಂದಿನಂತೆ ಬೀಡಿ ಕಟ್ಟಿದರು. ಮದ್ದಿನ ಮೂರನೆಯ ಸುತ್ತಿನ ಹೊತ್ತಿಗೆ ಬೆರಳಿನ ಚರ್ಮ ಸುಲಿದು ಎಲೆ ಹಿಡಿಯಲಾಗುತ್ತಿರಲಿಲ್ಲ. ನಾನು ಆ ಹಾಳೆ ಓದಿದ್ದು ಆಮೇಲೆ. ಎರಡು ಮನೆಗಳ ನಡುವೆ ಒಂದು ಬೇಲಿ ಮಾತ್ರ ಇತ್ತು ಎಂಬುದು ಈಗಲೂ ಕುಟುಕುತ್ತದೆ.

ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಕೇರಳದ ರಾಜಭಾಷಾ ಕಾಯಿದೆಯೇ ಹೇಳುತ್ತದೆ. ಅರ್ಜಿಗೆ ಸಿಗುವ ಈ ಭಾಗ್ಯ ಆಸ್ಪತ್ರೆಯ ಚೀಟಿಗೆ ಯಾಕಿಲ್ಲ? ಬೆಂಗಳೂರಿನವರನ್ನೂ ಬಿಡಬೇಕಾಗಿಲ್ಲ. ನವೆಂಬರಿನಲ್ಲಿ ಬಂದು ‘ಕಾಸರಗೋಡು ನಮ್ಮದು’ ಎಂದು ಭಾಷಣ ಮಾಡಿ, ಶಾಲು ಹೊದ್ದು ಹೋಗುತ್ತಾರೆ. 2020ರ ಮಾರ್ಚಿನಲ್ಲಿ, ಕೋವಿಡ್ ಸಮಯದಲ್ಲಿ, ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿಗೆ ಹೊರಟ ರೋಗಿಗಳನ್ನು ತಲಪಾಡಿಯಲ್ಲಿ ತಡೆದಾಗ ಆ ಶಾಲುಗಳು ಎಲ್ಲಿದ್ದವೋ. (ಕಾಸರಗೋಡಿನ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿಯ ಮಾತು ಎತ್ತುವುದಿಲ್ಲವೆಂದು ಮನೆಯಲ್ಲಿ ಮಾತು ಕೊಟ್ಟಿದ್ದೇನೆ, ಎತ್ತುವುದಿಲ್ಲ.)

ತಂಗಿಯವರ ವಿಷಯಕ್ಕೆ ಬರುತ್ತೇನೆ. ಹೃದಯದ ಎಕೋ ಪರೀಕ್ಷೆಯ ಹಳೆಯ ಕಾಗದಗಳಿದ್ದರೆ ಡಾಕ್ಟರರಿಗೆ ತೋರಿಸಿ. ಮದ್ದಿನ ಪೆಟ್ಟಿಗೆಯ ಮೇಲೆ ಲೈಪೋಸೋಮಲ್ ಎಂದು ಇದೆಯೇ ನೋಡಿಕೊಳ್ಳಿ. ಅಗ್ಗವೆಂದು ಸಾದಾ ಡಾಕ್ಸೊರುಬಿಸಿನ್ ತರಬೇಡಿ, ಎರಡರ ಪ್ರಮಾಣವೂ ಬೇರೆ, ಅವಧಿಯೂ ಬೇರೆ. ತಿರುವನಂತಪುರಕ್ಕೆ ಹೋಗಬೇಕಾಗಿ ಬಂದರೆ 500 ಕಿಲೋಮೀಟರಿಗೂ ಮೀರಿದ ದಾರಿ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಾರರಿಗೆ ಶೇಕಡಾ 75. ಅದರ ಅರ್ಜಿಗೆ ಆಸ್ಪತ್ರೆಯ ಸಹಿ ಬೇಕು, ಮರೆಯದೆ ಕೇಳಿ ಪಡೆಯಿರಿ. ಕೈಕಾಲುಗಳ ಆರೈಕೆಯ ಹಾಳೆಯನ್ನು ನಾನೇ ಕನ್ನಡಕ್ಕೆ ತಂದು, ಪರಿಚಯದ ಡಾಕ್ಟರೊಬ್ಬರಿಂದ ತಿದ್ದಿಸಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ. ನಾಲ್ಕು ಪ್ರತಿಗಳನ್ನು ಅಂಚೆಯಲ್ಲಿ ಕಳುಹಿಸಿದ್ದೇನೆ. ಈ ಸಲ ಅಡಿಕೆ ಸುಲಿಯಲು ತಂಗಿಯವರನ್ನು ಕೂರಿಸಬೇಡಿ.

– ಸಂಪಾದಕ