ಓದುಗರ ಪ್ರಶ್ನೆ: ಕೊಯ್ಲು ಮುಗಿದ ಮೇಲೆ ಅಪ್ಪ ಅಮ್ಮನೊಂದಿಗೆ ಹೊರದೇಶದ ಕಡಲ ತೀರಕ್ಕೆ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ತಂದೆ ತಾಯಿ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಅಮ್ಮನಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು, ಈವರೆಗೆ ವಿಮಾನ ಹತ್ತಿದವರಲ್ಲ. ಹೊರದೇಶದ ಯಾವುದಾದರೂ ಕಡಲ ತೀರದಲ್ಲಿ ಒಂದು ವಾರ ಅವರನ್ನು ಆರಾಮವಾಗಿ ಇರಿಸಬೇಕೆಂಬುದು ನನ್ನ ಬಹುದಿನದ ಆಸೆ. ಮಾಲ್ದೀವ್ಸ್, ಬಾಲಿ, ಮಾರಿಷಸ್, ಫುಕೆಟ್, ಶ್ರೀಲಂಕಾ ಎಂದು ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ. ಅಪ್ಪಯ್ಯ ಮಾತ್ರ ‘ತೋಟ ಬಿಟ್ಟು ಎಲ್ಲಿಗೆ ಬರೋದು ಮಾರಾಯ’ ಎನ್ನುತ್ತಾರೆ. ಎಲ್ಲಿಗೆ, ಯಾವಾಗ ಹೋಗುವುದು ಒಳ್ಳೆಯದು?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ತಂದೆಯವರ ಮಾತನ್ನು ದಯವಿಟ್ಟು ನೆಪವೆಂದು ತಳ್ಳಿಹಾಕಬೇಡಿ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಅಲ್ಲಿಂದಲೇ ಆರಂಭವಾಗುತ್ತದೆ. ತೋಟದ ಕೆಲಸ ಕೈಯಲ್ಲಿರುವಾಗ ಅವರನ್ನು ಕರೆದುಕೊಂಡು ಹೋದರೆ ದೇಹ ಮಾತ್ರ ಕಡಲ ತೀರದಲ್ಲಿ ಇರುತ್ತದೆ, ಮನಸ್ಸು ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಇರುತ್ತದೆ. ಆದ್ದರಿಂದ ಮೊದಲು ತೋಟದ ಕಾಲವನ್ನು ನೋಡಿ, ಆ ಕಾಲಕ್ಕೆ ಯಾವ ಕಡಲು ಶಾಂತವಾಗಿರುತ್ತದೆ ಎಂಬುದನ್ನು ಆಮೇಲೆ ನೋಡಿ.

ನಿಮ್ಮ ಭಾಗದಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲವೂ ಸಾಮಾನ್ಯವಾಗಿ ಜನವರಿಯ ಹೊತ್ತಿಗೆ ಒಂದು ಹಂತಕ್ಕೆ ಬರುತ್ತವೆ; ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯೂ ಆಗ ಮುಗಿದಿರುತ್ತದೆ. ಮುಂಗಾರಿಗೆ ಮೊದಲು ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸಕ್ಕೆ ಆಗಿನ್ನೂ ಮೂರು ನಾಲ್ಕು ತಿಂಗಳು ಇರುತ್ತದೆ. ನಡುವೆ ಉಳಿಯುವುದು ತೋಟಕ್ಕೆ ನೀರು ಬಿಡುವುದು ಮತ್ತು ಕೊಟ್ಟಿಗೆಯ ಕೆಲಸ. ಇವೆರಡನ್ನು ಒಂದು ವಾರ ನಂಬಿಕೆಯ ಆಳಿಗೋ ನೆಂಟರಿಗೋ ಒಪ್ಪಿಸಬಹುದು. ಆ ಏರ್ಪಾಟನ್ನು ನೀವೇ ಮಾಡಿ, ತಂದೆಯವರ ಎದುರಿಗೇ ಮಾತಾಡಿ ಮುಗಿಸಿ. ಹಾಗಾಗಿ ನಿಮ್ಮ ಮನೆಗೆ ಸರಿಹೊಂದುವ ಕಾಲ ಫೆಬ್ರುವರಿಯಿಂದ ಮಾರ್ಚ್ ಮಧ್ಯದವರೆಗೆ.

ಇನ್ನು ಕಡಲಿನ ವಿಷಯ. ಫೆಬ್ರುವರಿಯಲ್ಲಿ ಮಾರಿಷಸ್‌ಗೆ ಚಂಡಮಾರುತದ ಕಾಲ, ಬಾಲಿಗೆ ಮಳೆಗಾಲ; ಆ ಎರಡನ್ನು ಈ ಬಾರಿ ಬಿಟ್ಟುಬಿಡಿ. ಮಾಲ್ದೀವ್ಸ್, ಫುಕೆಟ್ ಮತ್ತು ಶ್ರೀಲಂಕಾದ ನೈಋತ್ಯ ಕರಾವಳಿಗಳು ಆಗ ಒಣಹವೆಯಲ್ಲಿದ್ದು, ಸಮುದ್ರ ತಿಳಿಯಾಗಿರುತ್ತದೆ. ಈ ಮೂರರಲ್ಲಿ ನಾನು ಯಾವ ಅನುಮಾನವೂ ಇಲ್ಲದೆ ಶ್ರೀಲಂಕಾವನ್ನು, ಅದರಲ್ಲೂ ಬೆಂಟೋಟದ ತೀರವನ್ನು ಹೇಳುತ್ತೇನೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಒಂದೂವರೆ ಗಂಟೆಯ ಆಸುಪಾಸು ಹಾರಾಟ; ಮೊದಲ ಸಲ ವಿಮಾನ ಏರುವ ಹಿರಿಯರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಡ. ಕೊಲಂಬೊದಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್ ದೂರದ ಬೆಂಟೋಟದವರೆಗೆ ಬಹುತೇಕ ದಾರಿ ವೇಗದ ಹೆದ್ದಾರಿಯಲ್ಲಿ ಸಾಗುತ್ತದೆ. ಅಲ್ಲಿನ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ ಹೊತ್ತನ್ನು ತೋರಿಸುವುದರಿಂದ ಸಕ್ಕರೆ ಕಾಯಿಲೆಯ ಮಾತ್ರೆ, ಊಟ, ನಿದ್ರೆ ಯಾವುದರ ವೇಳೆಯೂ ಬದಲಾಗುವುದಿಲ್ಲ. ಬಾಲಿಯಲ್ಲಾದರೆ ಎರಡೂವರೆ ಗಂಟೆ, ಫುಕೆಟ್‌ನಲ್ಲಿ ಒಂದೂವರೆ ಗಂಟೆ ಮುಂದಿರುತ್ತದೆ.

ಮಾಲ್ದೀವ್ಸ್‌ನ ನೀರಿನ ಸೊಬಗು ಹೆಚ್ಚೆಂಬುದು ನಿಜ. ಆದರೆ ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಇರುವುದು ಸಾಮಾನ್ಯ. ವಿಮಾನ ನಿಲ್ದಾಣದಿಂದ ಅಲ್ಲಿಗೆ ಸ್ಪೀಡ್‌ಬೋಟ್ ಅಥವಾ ಹಗಲಿನಲ್ಲಿ ಮಾತ್ರ ಹಾರುವ ಸೀಪ್ಲೇನ್ ಹಿಡಿಯಬೇಕು. ಅಲುಗಾಡುವ ದೋಣಿಗೆ ಮಂಡಿನೋವಿನವರು ಹತ್ತಿ ಇಳಿಯುವುದು ಸುಲಭವಲ್ಲ, ರಾತ್ರಿ ಆರೋಗ್ಯ ಕೆಟ್ಟರೆ ದೊಡ್ಡ ಆಸ್ಪತ್ರೆ ಹತ್ತಿರವೂ ಇರುವುದಿಲ್ಲ. ಮತ್ತೊಂದು ಮಾತು: ನಿಮ್ಮ ತಂದೆ ನಿತ್ಯಪೂಜೆಗೆಂದು ಸಣ್ಣ ವಿಗ್ರಹವನ್ನು ಜೊತೆಗೆ ಒಯ್ಯುವವರಾದರೆ, ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ತರಲು ಅಲ್ಲಿನ ಸುಂಕದ ನಿಯಮ ಬಿಡುವುದಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವರ ಮನಸ್ಸು ನೋಯುವಂತಾಗಬಾರದು.

ಊಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಿರಿಯರ ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಶ್ರೀಲಂಕಾದ ಅಡುಗೆ ಅನ್ನ, ತೆಂಗಿನಕಾಯಿ, ಕರಿಬೇವಿನ ಅಡುಗೆ. ಅಪ್ಪಂ ಸಿಗುತ್ತದೆ, ನಮ್ಮ ಒತ್ತು ಶಾವಿಗೆಯನ್ನೇ ಹೋಲುವ ಇಡಿಯಾಪ್ಪಂ ಬೆಳಗಿನ ತಿಂಡಿಗೆ ಇರುತ್ತದೆ, ಪರಿಪ್ಪು ಎಂಬ ಸಿಪ್ಪೆ ತೆಗೆದ ಬೇಳೆಯ ಸಾರು ಎಲ್ಲೆಡೆ ಉಂಟು. ಆದರೆ ತೆಂಗಿನ ತುರಿಯ ಸಂಬಲ್‌ಗೆ, ಕೆಲವೊಮ್ಮೆ ತರಕಾರಿ ಪಲ್ಯಕ್ಕೂ, ಉಂಬಲಕಡ ಎಂಬ ಒಣಗಿಸಿದ ಟ್ಯೂನಾ ಮೀನಿನ ಚೂರನ್ನು ಹಾಕುವ ರೂಢಿ ಅಲ್ಲಿದೆ. ಹಾಕಿದವರಿಗೆ ಅದು ಒಗ್ಗರಣೆಯಷ್ಟೇ ಸಹಜವಾದ್ದರಿಂದ ‘ಸಸ್ಯಾಹಾರವೇ?’ ಎಂದು ಕೇಳಿದರೆ ಹೌದೆಂಬ ಉತ್ತರವೇ ಬರಬಹುದು. ಒಣಮೀನು ಹಾಕಿದ್ದೀರಾ ಎಂದು ಹೆಸರು ಹಿಡಿದು ಕೇಳಿ, ಸಾಧ್ಯವಾದರೆ ಕೋಣೆ ಕಾಯ್ದಿರಿಸುವಾಗಲೇ ಬರವಣಿಗೆಯಲ್ಲಿ ತಿಳಿಸಿ. ಮನೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ಬಿಗಿಯಾಗಿ ಕಟ್ಟಿ ದೊಡ್ಡ ಪೆಟ್ಟಿಗೆಯಲ್ಲಿಡಿ, ಕೈಚೀಲದಲ್ಲಿ ಬಿಡುವುದಿಲ್ಲ. ಒಣ ಕೊಬ್ಬರಿಯನ್ನು ಹಾಕಲೇಬೇಡಿ. ಬೆಂಕಿ ಹತ್ತುವ ವಸ್ತುವೆಂದು ವಿಮಾನದ ಸಾಮಾನಿನಿಂದ ಅದನ್ನು ತೆಗೆಸುತ್ತಾರೆ.

ಸಕ್ಕರೆ ಕಾಯಿಲೆ ಇರುವವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗಿರಬಹುದು. ಮಧ್ಯಾಹ್ನದ ಮರಳು ಸುಡುತ್ತಿದ್ದರೂ ಗೊತ್ತಾಗದೆ ಬೊಬ್ಬೆ ಏಳುತ್ತದೆ, ಕಪ್ಪೆಚಿಪ್ಪು ಚುಚ್ಚಿದ್ದೂ ತಿಳಿಯುವುದಿಲ್ಲ. ಜೀವಮಾನವಿಡೀ ತೋಟದಲ್ಲಿ ಬರಿಗಾಲಲ್ಲಿ ಓಡಾಡಿದ ನಿಮ್ಮ ತಂದೆಗೆ ಇದನ್ನು ಒಪ್ಪಿಸುವುದು ಕಷ್ಟವೇ ಆದರೂ, ತೀರದಲ್ಲಿ ಹಿಮ್ಮಡಿ ಪಟ್ಟಿಯಿರುವ ಚಪ್ಪಲಿ ಹಾಕಿಸಿ, ರಾತ್ರಿ ಅಂಗಾಲನ್ನು ನೀವೇ ನೋಡಿ. ಇನ್ಸುಲಿನ್ ತೆಗೆದುಕೊಳ್ಳುವುದಾದರೆ ಅದು ಕೈಚೀಲದಲ್ಲಿಯೇ ಇರಲಿ; ಸಾಮಾನಿನ ಭಾಗದ ಚಳಿಗೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ವೈದ್ಯರ ಚೀಟಿಯನ್ನು ಔಷಧದ ಮೂಲ ಹೆಸರಿನೊಂದಿಗೆ ಬರೆಸಿಕೊಳ್ಳಿ. ಪ್ರವಾಸ ವಿಮೆ ಮಾಡಿಸುವಾಗ ಮೊದಲೇ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಬೇಕಾದಾಗ ಹಣ ಸಿಗುವುದಿಲ್ಲ.

ತಾಯಿಯವರಿಗೆ ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿಯ ಸೌಲಭ್ಯ ಕೇಳಿ, ನೆಲಮಹಡಿಯ ಕೋಣೆ ಹಿಡಿಯಿರಿ, ಸ್ನಾನದ ಮನೆಯಲ್ಲಿ ಹಿಡಿದು ನಿಲ್ಲಲು ಆಸರೆ ಇದೆಯೇ ಎಂದು ವಿಚಾರಿಸಿ. ಮೆತ್ತಗಿನ ಒಣಮರಳಿನಲ್ಲಿ ಕಾಲು ಹುಗಿದು ಮಂಡಿಗೆ ಶ್ರಮವಾಗುತ್ತದೆ. ನೀರು ಆಗಷ್ಟೇ ಹಿಂದೆ ಸರಿದ ಗಟ್ಟಿ ಮರಳಿನಲ್ಲಿ ಬೆಳಿಗ್ಗೆ ನಡೆದರೆ ಹಿತವಾಗಿರುತ್ತದೆ. ಕಡಲು ಎಷ್ಟೇ ಶಾಂತವಾಗಿ ಕಂಡರೂ ಕೆಂಪು ಬಾವುಟ ಹಾರುತ್ತಿದ್ದರೆ ಮೊಣಕಾಲು ನೀರಿಗೂ ಇಳಿಸಬೇಡಿ.

ಆರಾಮ ಎಂಬುದರ ಬಗ್ಗೆ ನನಗೊಂದು ಗಟ್ಟಿಯಾದ ಅಭಿಪ್ರಾಯವಿದೆ. ಏಳು ದಿನಕ್ಕೆ ನಾಲ್ಕು ಊರು ತೋರಿಸುವ ಪ್ಯಾಕೇಜ್ ತೆಗೆದುಕೊಳ್ಳಬೇಡಿ; ಒಂದೇ ಕಡೆ ತಂಗಿ. ಆದರೆ ಬೆಳಗಿನ ಐದಕ್ಕೆ ಎದ್ದು ದುಡಿದ ಜೀವಗಳಿಗೆ ಇಡೀ ದಿನ ಸುಮ್ಮನೆ ಕುಳಿತಿರುವುದು ವಿಶ್ರಾಂತಿಯಲ್ಲ, ಅದೊಂದು ಶಿಕ್ಷೆ. ದಿನಕ್ಕೊಂದು ಸಣ್ಣ ಕೆಲಸವಿರಲಿ: ಒಂದು ದಿನ ಮಾದು ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ದೋಣಿ, ಒಂದು ದಿನ ಕೊಸ್ಗೊಡದಲ್ಲಿ ಕಡಲಾಮೆಯ ಮರಿಗಳು, ಒಂದು ದಿನ 1588ರಲ್ಲಿ ಪೋರ್ಚುಗೀಸರು ಆರಂಭಿಸಿ ಆಮೇಲೆ ಡಚ್ಚರು ಬಲಪಡಿಸಿದ ಗಾಲೆ ಕೋಟೆ. ದಾರಿಯಲ್ಲಿ ಅಡಿಕೆ, ತೆಂಗು, ಕಾಳುಮೆಣಸು, ದಾಲ್ಚಿನ್ನಿಯ ತೋಟ ಕಂಡಲ್ಲಿ ಗಾಡಿ ನಿಲ್ಲಿಸಿ. ಕೋಟೆಗಿಂತ ಅದನ್ನೇ ನಿಮ್ಮ ತಂದೆ ಹೆಚ್ಚು ಹೊತ್ತು ನೋಡಬಹುದು. ಅಡುಗೆಮನೆ ಇರುವ ವಸತಿ ಹಿಡಿದರೆ ಅನುಕೂಲವೆಂದು ಹಲವರು ಹೇಳುತ್ತಾರೆ. ನಾನು ಬೇಡವೆನ್ನುತ್ತೇನೆ. ಒಲೆ ಕಂಡರೆ ನಿಮ್ಮ ತಾಯಿ ಮೊದಲ ದಿನವೇ ಅದರ ಮುಂದೆ ನಿಲ್ಲುತ್ತಾರೆ. ಕಾಫಿಗೆ ಬಿಸಿನೀರು, ಮೊಸರಿಡಲು ಸಣ್ಣ ಫ್ರಿಜ್ ಇದ್ದರೆ ಸಾಕು.

ಇದಕ್ಕೆಲ್ಲ ಮೊದಲು, ಜನವರಿಯ ಕೊನೆಗೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಕರೆದುಕೊಂಡು ಹೋಗಿ. ಕೃಷ್ಣ ಮಠದ ದರ್ಶನವೆಂದರೆ ಅವರೂ ಒಪ್ಪುತ್ತಾರೆ. ಮಲ್ಪೆಯಲ್ಲಿ ಒಂದು ರಾತ್ರಿ ಉಳಿದರೆ ಅಮ್ಮ ಮರಳಿನಲ್ಲಿ ಎಷ್ಟು ದೂರ ನಡೆಯಬಲ್ಲರು, ಹೋಟೆಲಿನ ಹಾಸಿಗೆಯಲ್ಲಿ ಅಪ್ಪಯ್ಯನಿಗೆ ನಿದ್ರೆ ಬರುತ್ತದೆಯೇ ಎಂಬುದು ನಿಮಗೆ ತಿಳಿದುಬಿಡುತ್ತದೆ. ಬೆಂಗಳೂರಿಗೆ ಬರಲು ಶಿವಮೊಗ್ಗ ಹತ್ತಿರದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣವಿದೆ. 2023ರ ಆಗಸ್ಟ್ 31ರಂದು ಅಲ್ಲಿಂದ ವಿಮಾನ ಸಂಚಾರ ಆರಂಭವಾಯಿತು. ಆದರೆ ಅದೇ ದಿನ ಕೊಲಂಬೊ ವಿಮಾನಕ್ಕೆ ಜೋಡಿಸಬೇಡಿ. ಮಲೆನಾಡಿನ ಬೆಳಗಿನ ಮಂಜಿನಿಂದ ಒಂದು ತಡವಾದರೆ, ಬೇರೆಯಾಗಿ ಕೊಂಡ ಇನ್ನೊಂದು ಟಿಕೆಟ್ ಕೈತಪ್ಪುತ್ತದೆ. ಹಿಂದಿನ ದಿನವೇ ನಿಮ್ಮ ಮನೆಗೆ ಬಂದು ಮಲಗಲಿ. ಶ್ರೀಲಂಕಾದ ಇ-ವೀಸಾವನ್ನು ಅಲ್ಲಿನ ಸರ್ಕಾರದ ಅಧಿಕೃತ ಜಾಲತಾಣದಲ್ಲಿಯೇ ಪಡೆಯಿರಿ; ಅದರಂತೆಯೇ ಕಾಣುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ.

ಪ್ರಶ್ನೆ: ತಾಯಿಗೆ ಪಾಸ್‌ಪೋರ್ಟ್ ಮಾಡಿಸಬೇಕು. ಆಧಾರ್‌ನಲ್ಲಿ ಹೆಸರಿನ ಜೊತೆ ಇನಿಷಿಯಲ್ ಇದೆ, ಮತದಾರರ ಚೀಟಿಯಲ್ಲಿ ಬರಿಯ ಹೆಸರಿದೆ. ತೊಂದರೆಯಾಗುತ್ತದೆಯೇ?
– ಓದುಗರು, ಸಾಗರ

ಉತ್ತರ: ಆಗುತ್ತದೆ, ಆದ್ದರಿಂದ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಅದನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕು. ಊರಿನ ಹೆಸರೋ ಗಂಡನ ಹೆಸರೋ ಯಾವುದನ್ನು ಉಪನಾಮವಾಗಿ ಇಡುವುದೆಂದು ಮನೆಯಲ್ಲಿ ತೀರ್ಮಾನಿಸಿ, ಆಧಾರ್‌ನಲ್ಲಿ ಹಾಗೆಯೇ ತಿದ್ದಿಸಿ, ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿ. ಉಪನಾಮದ ಜಾಗವನ್ನು ಖಾಲಿ ಬಿಡಬೇಡಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಿಂದ ಪ್ರವೇಶ ನಿರ್ಬಂಧಿಸಿದೆ. ಅರವತ್ತು ದಾಟಿದವರ ಹೊಸ ಅರ್ಜಿಯ ಶುಲ್ಕದಲ್ಲಿ ಶೇ 10ರಷ್ಟು ರಿಯಾಯಿತಿ ಇದೆ. ಪೊಲೀಸ್ ಪರಿಶೀಲನೆಗೆ ಕರೆದಾಗ ತಾಯಿ ಊರಿನಲ್ಲಿಯೇ ಇರುವಂತೆ ನೋಡಿಕೊಳ್ಳಿ.

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಯಲ್ಲಿ, ಮೇ ತಿಂಗಳಲ್ಲಿ, ಅಪ್ಪ ಅಮ್ಮನೂ ಸೇರಿ ಹೋಗಬೇಕೆಂದಿದ್ದೇವೆ. ಆಗಲೂ ಬೆಂಟೋಟವೇ?
– ಓದುಗರು, ಹೊಸನಗರ

ಉತ್ತರ: ಆಗ ಬೇಡ. ಮೇ ತಿಂಗಳಲ್ಲಿ ಆ ಕರಾವಳಿಗೆ ಮುಂಗಾರು ಬಂದು ಅಲೆ ಏಳುತ್ತದೆ. ಬಾಲಿಯ ಸನೂರ್ ಅಥವಾ ನುಸಾ ದುವಾ ಆಗಬಹುದು. ಹಿರಿಯರು ಆರೇಳು ಗಂಟೆ ಕುಳಿತು ಪ್ರಯಾಣ ಮಾಡಬಲ್ಲರೆಂದರೆ ಮಾರಿಷಸ್ ಇನ್ನೂ ಒಳ್ಳೆಯದು. ದ್ವೀಪದ ಬಹುಭಾಗದ ಸುತ್ತ ಹವಳದ ದಿಬ್ಬವಿದ್ದು ಅಲೆ ಅಲ್ಲಿಯೇ ಒಡೆಯುವುದರಿಂದ ಒಳಗಿನ ನೀರು ನಿಶ್ಚಲವಾಗಿರುತ್ತದೆ, ಮೊಮ್ಮಕ್ಕಳೂ ಅಜ್ಜ ಅಜ್ಜಿಯೂ ಒಟ್ಟಿಗೆ ಇಳಿಯಬಹುದು. ಅಲ್ಲಿನ ನಿವಾಸಿಗಳಲ್ಲಿ ಹೆಚ್ಚಿನವರು ಭಾರತೀಯ ಮೂಲದವರಾದ್ದರಿಂದ ಸಸ್ಯಾಹಾರಕ್ಕೆ ಪರದಾಡಬೇಕಿಲ್ಲ. ಆಗ್ನೇಯದ ಗಾಳಿ ಬೀಸತೊಡಗುವ ಕಾಲವಾದ್ದರಿಂದ ಪಶ್ಚಿಮ ಅಥವಾ ಉತ್ತರದ ತೀರದಲ್ಲಿ ಕೋಣೆ ಹಿಡಿಯಿರಿ. ನೀರಿನಡಿಯ ಹವಳವೂ ಮುಳ್ಳಿನ ಸಮುದ್ರಜೀವಿಗಳೂ ಕಾಲಿಗೆ ಚುಚ್ಚುತ್ತವೆ, ಎಲ್ಲರಿಗೂ ರಬ್ಬರ್ ಅಡಿಯ ನೀರಿನ ಬೂಟು ಕೊಡಿಸಿ. ಹೊರಡುವ ದಿನವನ್ನು ಮೇ ಮೊದಲ ವಾರದಲ್ಲಿಯೇ ಇಟ್ಟುಕೊಳ್ಳಿ. ಮಳೆ ಹಿಡಿಯುವ ಮೊದಲು ತೋಟಕ್ಕೆ ಔಷಧಿ ಹೊಡೆಸಲು ನಿಮ್ಮ ತಂದೆ ಊರಿನಲ್ಲಿ ಇರಬೇಕಾಗುತ್ತದೆ.